ಅವಳು ಹೇಳುವ ಕೆಂಪು

ಸೋಮವಾರ, ಹದಿನಾಲ್ಕನೇ ತಾರೀಖು
ಸಂಜೆ, ನಿಮ್ಮ ಮೇಜಿನ ಮುಂದೆ ಕೂತು

ನಮ್ಮ ಮನೆಯ ದಂಡನಾಯಕರಿಗೆ,

ಹೇಗಿದ್ದೀರಿ ಎಂದು ಕೇಳುವ ಹಕ್ಕು ನನಗಿನ್ನೂ ಉಳಿದಿದೆಯೋ ಇಲ್ಲವೋ, ಕೇಳಿಬಿಟ್ಟಿದ್ದೇನೆ. ನಾನು ಚೆನ್ನಾಗಿದ್ದೇನೆ. ಇದು ಸುಳ್ಳೆಂದು ನಿಮಗೆ ಗೊತ್ತಾಗುತ್ತದೆ, ಆದರೂ ಕಾಗದವನ್ನು ಹೀಗೆಯೇ ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದಾರೆ.

ಇವತ್ತು ಮಧ್ಯಾಹ್ನ ನಿಮ್ಮ ಕ್ಲಬ್ಬಿನ ಗಣಿತದ ಮೇಷ್ಟ್ರು ಮಿಲ್ಲಿಗೇ ಫೋನ್ ಮಾಡಿದ್ದರು. ಸುತ್ತಿಬಳಸಿ ಹವಾಮಾನ, ಮೊಣಕಾಲು ನೋವು, ಎಲ್ಲ ಮುಗಿಸಿ ಕೊನೆಗೆ ವಿಷಯಕ್ಕೆ ಬಂದರು. ಭಾನುವಾರ ಬೆಳಿಗ್ಗೆ ಕಾರು ತಂದು ಸಿಪಾಯಿಗಳ ಪೆಟ್ಟಿಗೆ ತೆಗೆದುಕೊಂಡು ಹೋಗುತ್ತಾರಂತೆ, ನೀವು ಕೇಳಿದ್ದೀರಂತೆ. "ನಾನು ಬರೀ ಹಮಾಲಿ ಕಣಮ್ಮ, ನನ್ನ ಮೇಲೆ ಬೇಜಾರು ಮಾಡ್ಕೋಬೇಡ" ಅಂದರು. ಪಾಪ, ಅವರ ಮೇಲೆ ನನಗೇಕೆ ಬೇಜಾರು. ಆಗಲಿ, ಕಟ್ಟಿಡುತ್ತೇನೆ ಎಂದೆ.

ಫೋನ್ ಇಟ್ಟಮೇಲೆ ಎಣಿಸಿ ನೋಡಿದೆ. ನೀವು ಹೋಗಿ ನಾಲ್ಕು ತಿಂಗಳು. ಹೋಗಿದ್ದೇನು ದೂರವಲ್ಲ, ಎರಡು ಬಸ್ ಸ್ಟಾಪಿನಾಚೆ, ನಿಮ್ಮ ಬೀಗದಂಗಡಿಯ ಮೇಲಿನ ಕೋಣೆಗೆ. ಅಷ್ಟರಲ್ಲೇ ಶರ್ಟುಗಳು ಹೋದವು, ರೇಡಿಯೋ ಹೋಯಿತು, ದಪ್ಪ ಕಂಬಳಿ ಹೋಯಿತು. ಈ ಮನೆಯಲ್ಲಿ ಇನ್ನು ನಿಮ್ಮದು ಅಂತ ಇರುವುದು ಈ ಮೇಜು, ಬಣ್ಣದ ಬಾಟಲಿಗಳು, ಮತ್ತು ನಲವತ್ತು ಜನ ಹೆಬ್ಬೆರಳುದ್ದದ ಲೋಹದ ಸಿಪಾಯಿಗಳು. ಮೇಜು ಮೆಟ್ಟಿಲಲ್ಲಿ ಇಳಿಯುವುದಿಲ್ಲ ಎಂದು ನೀವೇ ಬಿಟ್ಟಿದ್ದೀರಿ. ಪೆಟ್ಟಿಗೆಯೂ ಹೋದರೆ ನೀವು ಈ ಮೆಟ್ಟಿಲು ಹತ್ತಲು ಯಾವ ಕಾರಣವೂ ಉಳಿಯುವುದಿಲ್ಲ. ಅದಕ್ಕೇ ಪೆಟ್ಟಿಗೆಯ ಜೊತೆ ಹೋಗುವಂತೆ ಈ ಕಾಗದ.

ನಿಮಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ಇಷ್ಟು ದಿನ ಇದನ್ನು ನಾನು ಬಾಯಿಬಿಟ್ಟು ಒಪ್ಪಿಕೊಂಡಿಲ್ಲ, ಬರೆದಾದರೂ ಒಪ್ಪಿಕೊಳ್ಳಬೇಕು.

ನಿಮಗೆ ಕೆಂಪು, ಹಸಿರು, ಕಂದು ಒಂದರಿಂದೊಂದು ಬೇರೆಯಾಗಿ ಕಾಣುವುದಿಲ್ಲ. ಮದುವೆಯಾದ ಹೊಸದರಲ್ಲೇ ಹೇಳಿದ್ದಿರಿ. ನಾನು ಕೆಲಸ ಮಾಡುವುದೋ ಬಟ್ಟೆ ಮಿಲ್ಲಿನ ಬಣ್ಣದ ವಿಭಾಗದಲ್ಲಿ. ಬೆಳಗಿನಿಂದ ಸಂಜೆಯವರೆಗೆ ಮೂರು ಥರದ ದೀಪದ ಕೆಳಗೆ ತುಂಡು ಬಟ್ಟೆ ಹಿಡಿದು, ಇದು ಸರಿ, ಇದು ತಪ್ಪು, ಇದನ್ನು ವಾಪಸ್ ಕಳಿಸಿ ಎನ್ನುವುದೇ ಉದ್ಯೋಗ. ನಮ್ಮಿಬ್ಬರನ್ನು ಜೋಡಿ ಮಾಡಿದವರಿಗೆ ತಮಾಷೆಯ ಬುದ್ಧಿ ಇತ್ತೆಂದು ನೀವು ನಗುತ್ತಿದ್ದಿರಿ. ಆಗ ಅದು ನನಗೂ ತಮಾಷೆಯೇ ಆಗಿತ್ತು.

ಒಂಬತ್ತು ವರ್ಷದ ಹಿಂದೆ ಮೇಷ್ಟ್ರು ನಿಮ್ಮನ್ನು ಕ್ಲಬ್ಬಿಗೆ ಕರೆದರಲ್ಲ, ದೊಡ್ಡ ಮೇಜಿನ ಮೇಲೆ ಬೆಟ್ಟ, ನದಿ, ಸೇತುವೆ ಜೋಡಿಸಿ, ಟೇಪು ಹಿಡಿದು ಅಳೆದು, ದಾಳ ಹಾಕಿ ಯುದ್ಧ ಆಡುವ ಆ ಹಿರಿಯ ಮಕ್ಕಳ ಕ್ಲಬ್ಬು. ನೀವು ಮೊದಲನೆಯ ಸಿಪಾಯಿಗೆ ಬಣ್ಣ ಹಚ್ಚಿ ಕಿಟಕಿಯ ಬಳಿ ಇಟ್ಟಿರಿ. ಅವನ ಮುಖ ಹಸಿರು ಮಿಶ್ರಿತ ಬೂದು. ಅಂಗಿ ಯಾವ ಬಣ್ಣವೆಂದು ಇಪ್ಪತ್ತು ವರ್ಷದ ಅನುಭವವಿರುವ ನನಗೂ ಹೇಳಲಾಗಲಿಲ್ಲ. ಜ್ವರ ಬಂದವನ ಹಾಗಿದ್ದಾನಲ್ಲ ಎಂದೆ. "ಜ್ವರ ಅಲ್ಲ, ಅರೆನಿದ್ದೆ" ಅಂದಿರಿ. ನಾಳೆ ಕ್ಲಬ್ಬಿನವರು ನಕ್ಕರೆ ಏನು ಮಾಡುವುದು, ಇವರ ಮುಖ ಎಷ್ಟು ಸಣ್ಣದಾಗಬಹುದು ಎಂದೇ ಯೋಚನೆ.

ಆ ಗುರುವಾರ ನನಗೆ ವಾರದ ರಜೆ, ನೀವು ಅಂಗಡಿಯಲ್ಲಿ. ಕೂತು ಅವನ ಮುಖಕ್ಕೆ ಮುಖದ ಬಣ್ಣ ಹಚ್ಚಿದೆ. ಅಂಗಿಗೆ ಕೆಂಪು, ಬೂಟಿಗೆ ಕಂದು. ನಿಮಗೆ ವ್ಯತ್ಯಾಸ ಕಾಣಲಿಲ್ಲ, ಅಥವಾ ಕಾಣಲಿಲ್ಲವೆಂದು ನಾನು ನಂಬಿದೆ. ಎರಡನೆಯವನು, ಮೂರನೆಯವನು, ಹೀಗೇ ಒಂಬತ್ತು ವರ್ಷದ ಗುರುವಾರಗಳು. ನೀವು ಮುಗಿಸಿದ ಪ್ರತಿಯೊಬ್ಬನನ್ನೂ ನಾನು ಮತ್ತೆ ಮುಗಿಸಿದೆ.

ಈಗ ಅದನ್ನು ಅಳಿಸಲು ಕೂತಿದ್ದೇನೆ. ಬಣ್ಣ ಹಚ್ಚಿದ ಮೇಲೆ ನೀವು ಹೊಳೆಯದ ವಾರ್ನಿಷನ್ನು ಎರಡು ಸಲ ಕೊಡುತ್ತೀರಲ್ಲ, ಆಡುವವರ ಬೆರಳಿನ ಬೆವರಿಗೆ ಬಣ್ಣ ಸವೆಯದಿರಲಿ ಎಂದು. ನನ್ನ ಬಣ್ಣ ಕೂತಿರುವುದು ಆ ವಾರ್ನಿಷಿನ ಮೇಲೆ. ಮಿಲ್ಲಿನಲ್ಲಿ ವಿಚಾರಿಸಿದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಗುರವಾಗಿ ಉರುಳಿಸಿದರೆ ಮೇಲಿನ ಪದರ ಬಿಡುತ್ತದೆ, ವಾರ್ನಿಷ್ ತಡೆಯುತ್ತದೆ, ಕೆಳಗಿನದು ಉಳಿಯುತ್ತದೆ. ನಿಮ್ಮ ಸಿಪಾಯಿಗಳನ್ನು ನಿಮ್ಮವರಾಗಿಯೇ ನಿಮಗೆ ಕಳಿಸುತ್ತೇನೆ. ಇದಕ್ಕಿಂತ ಬೇರೆ ಕ್ಷಮೆ ಕೇಳುವುದು ನನಗೆ ತಿಳಿಯದು.

ಇವತ್ತು ನಾಲ್ಕು ಜನ ಆದರು. ಮೂರನೆಯವನ ಮೂಗು ಹೋಗಿದೆ. ಉಜ್ಜಿದ್ದು ಹೆಚ್ಚಾಯಿತು, ಲೋಹ ಕಾಣುತ್ತಿದೆ. ಕೂಡಲೇ ಕುಂಚ ತೆಗೆದು ಒಂದು ಚುಕ್ಕೆ ಇಡಲು ಹೋದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಕುಂಚವನ್ನು ಕೆಳಗಿಟ್ಟೆ. ಮೂಗಿಲ್ಲದೆಯೇ ಬರುತ್ತಾನೆ, ಹೊಟ್ಟೆಗೆ ಹಾಕಿಕೊಳ್ಳಿ.

ಬುಧವಾರ

ಇಲ್ಲಿಯವರೆಗೆ ಹದಿನೇಳು ಜನ ಆದರು. ಬೆರಳ ತುದಿಗಳೆಲ್ಲ ಸ್ಪಿರಿಟ್ಟಿಗೆ ಬಿಳಿಚಿ ಸುಕ್ಕುಗಟ್ಟಿವೆ, ಮಿಲ್ಲಿನಲ್ಲಿ ಕೇಳುತ್ತಾರೆ, ಬಟ್ಟೆ ಒಗೆಯುವ ಕೆಲಸಕ್ಕೂ ಹೋಗುತ್ತೀಯಾ ಎಂದು.

ಒಂದು ವಿಷಯ ಹೇಳಬೇಕು, ನಗಬೇಡಿ. ನಿಮ್ಮ ಬಾಟಲಿಗಳ ಮೇಲೆ ವರ್ಷಗಳ ಹಿಂದೆ ನಾನು ಚೀಟಿ ಅಂಟಿಸಿದ್ದೆನಲ್ಲ, ಕಡುಗೆಂಪು, ಎಲೆಹಸಿರು, ಮಣ್ಣುಕಂದು ಎಂದು ದಪ್ಪ ಅಕ್ಷರದಲ್ಲಿ. ನಿಮಗೆ ಉಪಕಾರ ಮಾಡುತ್ತಿದ್ದೇನೆಂಬ ಹೆಮ್ಮೆಯಲ್ಲಿ ಅಂಟಿಸಿದ್ದು. ಹಾಳಾದ ಸ್ಪಿರಿಟ್ಟಿನ ಬಟ್ಟಲು ಉರುಳಿ ಬಾಟಲಿಗಳ ಮೇಲೆ ಚೆಲ್ಲಿತು, ಚೀಟಿಗಳು ನೆನೆದು ಸುಲಿದುಕೊಂಡವು. ಅಡಿಯಲ್ಲಿ ನಿಮ್ಮ ಚೀಟಿಗಳಿವೆ, ಅವುಗಳ ಮೇಲೆ ನನ್ನದನ್ನು ಅಂಟಿಸುವಾಗ ನಾನು ಓದಿಯೂ ನೋಡಿರಲಿಲ್ಲ. ಪೆನ್ಸಿಲಿನಲ್ಲಿ ಬರೆದದ್ದು, ಎಲ್ಲವೂ ಓದಲು ಬರುತ್ತವೆ.

ಒದ್ದೆ ಗೋಣಿ. ಹಳೇ ಕೀಲಿ. ಮಧ್ಯಾಹ್ನದ ಗೋಡೆ. ನೀರೊಳಗಿನ ಕಲ್ಲು. ತೂಕಡಿಕೆ.

ತೂಕಡಿಕೆ ಎಂಬ ಬಣ್ಣವನ್ನು ತಯಾರಿಸಿಕೊಡಿ ಎಂದು ಯಾರಾದರೂ ಮಿಲ್ಲಿಗೆ ಬಂದಿದ್ದರೆ ಅವರನ್ನು ನಾನು ಕಾವಲುಗಾರನಿಗೆ ಒಪ್ಪಿಸುತ್ತಿದ್ದೆ. ಇಲ್ಲಿ ಮಾತ್ರ ಬಹಳ ಹೊತ್ತು ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ಕೂತೆ. ಮುಚ್ಚಳದ ಅಂಚಿನಲ್ಲಿ ಬೆರಳಿಗೆ ಏನೋ ಚುಚ್ಚಿತು. ನೋಡಿದರೆ ಸಣ್ಣ ಸಣ್ಣ ಗೀರುಗಳು, ಕೀಲಿಗೆ ಹಲ್ಲು ಕೊರೆಯುವ ನಿಮ್ಮ ಅರದಿಂದಲೇ ಮಾಡಿದ್ದು. ಪ್ರತಿ ಮುಚ್ಚಳಕ್ಕೂ ಬೇರೆ ಬೇರೆ ಹಲ್ಲು. ಅಂದರೆ ನೀವು ನನ್ನ ಚೀಟಿಗಳನ್ನು ಒಂದು ದಿನವೂ ಓದಿಲ್ಲ. ಹೆಬ್ಬೆರಳಿನಿಂದ ಸವರಿ ನಿಮ್ಮ ಬಣ್ಣವನ್ನು ನೀವೇ ಹುಡುಕಿಕೊಳ್ಳುತ್ತಿದ್ದಿರಿ, ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಎಂಥ ಗಟ್ಟಿ ಮನುಷ್ಯರಪ್ಪಾ ನೀವು.

ಆಮೇಲೆ ಮುಸ್ಸಂಜೆಯಾಯಿತು. ದೀಪ ಹಾಕಲು ಏಳಬೇಕಿತ್ತು, ಏಳಲಿಲ್ಲ. ಹದಿನೇಳು ಜನರನ್ನು ಕಿಟಕಿಯ ಅಡಿ ಸಾಲಾಗಿ ನಿಲ್ಲಿಸಿ ಸುಮ್ಮನೆ ಕೂತಿದ್ದೆ. ಇಷ್ಟು ವರ್ಷ ನಾನು ಅವರನ್ನು ನೋಡಿದ್ದು ಒಬ್ಬೊಬ್ಬನನ್ನಾಗಿ, ಬೆಳ್ಳನೆಯ ದೀಪದ ಕೆಳಗೆ, ಭೂತಗಾಜು ಹಿಡಿದು. ಮಿಲ್ಲಿನ ಅಭ್ಯಾಸ. ಒಟ್ಟಿಗೆ ನಿಲ್ಲಿಸಿ ಒಂದು ಸಲವೂ ನೋಡಿರಲಿಲ್ಲ.

ಹೊರಗೆ ಬೆಳಕು ಇಳಿಯುತ್ತಾ ಬಂದ ಹಾಗೆ ನನ್ನ ಕಣ್ಣಿನಿಂದಲೂ ಬಣ್ಣಗಳು ಒಂದೊಂದಾಗಿ ಎದ್ದು ಹೋದವು. ಮೊದಲು ಪರದೆಯ ಕೆಂಪು ಹೋಯಿತು, ಆಮೇಲೆ ಗಿಡದ ಹಸಿರು. ಎದುರು ಮನೆಯ ಬಾಗಿಲು, ಹಗ್ಗದ ಮೇಲಿನ ಸೀರೆ, ಮೇಜಿನ ಮರ, ಎಲ್ಲಕ್ಕೂ ಹೆಸರು ಹೋಯಿತು. ಉಳಿದದ್ದು ಎಲ್ಲಿ ಬೆಳಕು, ಎಲ್ಲಿ ನೆರಳು ಎನ್ನುವುದಷ್ಟೇ. ಆಗ ನಿಮ್ಮ ಹದಿನೇಳು ಜನ ಕಂಡರು. ಹದಿನೇಳು ಜನಕ್ಕೂ ಬೆಳಕು ಬಿದ್ದಿರುವುದು ಒಂದೇ ಕಡೆಯಿಂದ, ಎಡಗಡೆಯ ಮೇಲಿನಿಂದ, ನಮ್ಮದೇ ಈ ಕಿಟಕಿಯಿಂದ. ಎಡ ಭುಜ ತಿಳಿ, ಬಲ ತೋಳಿನ ಮಡಿಕೆ ಕಪ್ಪು, ಟೊಪ್ಪಿಯ ಅಂಚು ಕೆನ್ನೆಯ ಮೇಲೆ ಹಾಕಿದ ಸಣ್ಣ ನೆರಳು ಕೂಡ. ಎಲ್ಲರೂ ಬಹಳ ದೂರ ನಡೆದು ಬಂದು, ಇನ್ನೇನು ಮನೆ ಕಾಣುತ್ತದೆ ಎನ್ನುವವರ ಹಾಗೆ ನಿಂತಿದ್ದರು. ಜ್ವರ ಅಲ್ಲ, ಅರೆನಿದ್ದೆಯೇ.

ಬಣ್ಣಕ್ಕೆ ಮುಂಚಿನ ಪದರವಾಗಿ ನೀವು ಪ್ರೈಮರ್ ಹಾಕುವುದನ್ನು ನೆನಪಿಸಿಕೊಂಡೆ. ಮೊದಲು ಪೂರ್ತಿ ಕಪ್ಪು, ಅದು ಒಣಗಿದ ಮೇಲೆ ಮೇಲಿನಿಂದ ಮಾತ್ರ ಬಿಳಿಯ ಸ್ಪ್ರೇ, ಹಿಟ್ಟು ಉದುರಿಸಿದಷ್ಟು. ಬೆಳಕು ಎಲ್ಲೆಲ್ಲಿ ಬೀಳುತ್ತದೋ ಅಲ್ಲಲ್ಲಿ ಬಿಳಿ. "ಮೊದಲು ಬೆಳಕು ಎಲ್ಲಿಂದ ಬರುತ್ತೆ ಅಂತ ತೀರ್ಮಾನ ಆಗ್ಬೇಕು, ಬಣ್ಣ ಯಾವುದಾದ್ರೂ ಆಗುತ್ತೆ" ಎನ್ನುತ್ತಿದ್ದಿರಿ. ಬಣ್ಣ ಕಾಣದವರು ಹೇಳುವ ಸಮಾಧಾನದ ಮಾತು ಎಂದುಕೊಂಡಿದ್ದೆ. ಆ ಬೆಳಕಿನ ಮೇಲೆಯೇ ನಾನು ದಪ್ಪಗೆ ಕೆಂಪು ಬಳಿದದ್ದು.

ಕತ್ತಲಾಗುವ ತನಕ ಹತ್ತು ನಿಮಿಷ ಸಿಕ್ಕಿರಬಹುದು. ಆ ಹತ್ತು ನಿಮಿಷ ನಾನು ನಿಮ್ಮ ಮನೆಯಲ್ಲಿದ್ದೆ. ಆಮೇಲೆ ದೀಪ ಹಾಕಿ ಅಡುಗೆಗೆ ಎದ್ದೆ.

ಗುರುವಾರ, ರಜೆ

ಬೆರಳೆಲ್ಲ ಸ್ಪಿರಿಟ್ಟು, ಅಕ್ಷರ ಕಲಸಿಹೋಗಿದ್ದರೆ ಮನ್ನಿಸಿ.

ಬೆಳಿಗ್ಗೆ ಹದಿನೆಂಟರಿಂದ ಇಪ್ಪತ್ಮೂರರವರೆಗೆ ಸಲೀಸಾಗಿ ಆಯಿತು. ಇಪ್ಪತ್ನಾಲ್ಕನೆಯವನು ಆ ಡೋಲಿನವನು. ಹತ್ತಿಕಡ್ಡಿ ಉರುಳಿಸಿದೆ. ಹತ್ತಿ ಬೆಳ್ಳಗೇ ಇತ್ತು. ಸ್ಪಿರಿಟ್ ಹಳತಾಯಿತೇನೋ ಎಂದು ಹೊಸದು ಸುರಿದುಕೊಂಡೆ. ಮತ್ತೆ ಉರುಳಿಸಿದೆ, ಹತ್ತಿ ಮತ್ತೆ ಬೆಳ್ಳಗೆ. ನನ್ನ ಕೆಂಪು ಡೋಲು, ಅದರ ಹಳದಿ ಪಟ್ಟಿ, ಒಂದಿಷ್ಟೂ ಅಲುಗಲಿಲ್ಲ. ಇಪ್ಪತ್ತೈದನೆಯವನೂ ಹಾಗೇ. ಇಪ್ಪತ್ತಾರು, ಇಪ್ಪತ್ತೇಳು, ಹಾಗೇ. ಒಬ್ಬೊಬ್ಬರನ್ನಾಗಿ ನಲವತ್ತರವರೆಗೆ ಎಲ್ಲರನ್ನೂ ಪರೀಕ್ಷಿಸಿದೆ. ಹದಿನೇಳು ಹತ್ತಿಕಡ್ಡಿಗಳು, ಒಂದಕ್ಕೂ ಬಣ್ಣ ಹತ್ತಲಿಲ್ಲ.

ಭೂತಗಾಜು ಹಿಡಿದು ನೋಡಿದಾಗ ಗೊತ್ತಾಯಿತು. ನನ್ನ ಬಣ್ಣದ ಮೇಲೆ ವಾರ್ನಿಷ್ ಇದೆ. ನಿಮ್ಮ ವಾರ್ನಿಷ್, ನಿಮ್ಮದೇ ಕೈ, ಎರಡು ಪದರ, ಎಲ್ಲಿಯೂ ಮಡುಗಟ್ಟದ ಹಾಗೆ.

ಪ್ರತಿಯೊಬ್ಬನ ಪಾದದ ಕೆಳಗೆ ನೀವು ಅರದಿಂದ ಸಂಖ್ಯೆ, ವರ್ಷ ಕೊರೆದಿರುತ್ತೀರಿ. ಡೋಲಿನವನ ಕೆಳಗಿರುವ ವರ್ಷ ಐದು ವರ್ಷ ಹಿಂದಿನದು. ಸಂಖ್ಯೆಯ ಪಕ್ಕ ಸಣ್ಣ ಗೀರುಗಳಿರುವುದನ್ನು ಮೊದಲೂ ನೋಡಿದ್ದೆ, ಸೈನ್ಯದ ದರ್ಜೆ ಇರಬೇಕೆಂದುಕೊಂಡಿದ್ದೆ. ಇವತ್ತು ಎಲ್ಲರನ್ನೂ ಮಗುಚಿ ಹಾಕಿ ನೋಡಿದೆ. ಒಂದರಿಂದ ಇಪ್ಪತ್ಮೂರರವರೆಗೆ ಒಂದೇ ಗೀರು. ಇಪ್ಪತ್ನಾಲ್ಕರಿಂದ ನಲವತ್ತರವರೆಗೆ ಎರಡು.

ಬಣ್ಣ ಹಚ್ಚಿದ ಕೈಗಳ ಲೆಕ್ಕ ಅದು, ಅಲ್ಲವೇ?

ಬೆಳಿಗ್ಗೆ ನಾನು ಏಳಕ್ಕೆ ಮಿಲ್ಲಿಗೆ ಹೊರಟರೆ ನಿಮ್ಮ ಅಂಗಡಿ ತೆಗೆಯುವುದು ಹತ್ತಕ್ಕೆ. ಆ ಮೂರು ಗಂಟೆ ಏನು ಮಾಡುತ್ತೀರಿ ಎಂದು ಇಷ್ಟು ವರ್ಷದಲ್ಲಿ ಕೇಳಬೇಕೆಂದು ಅನ್ನಿಸಲೇ ಇಲ್ಲ ನನಗೆ. ಹಿಂದಿನ ಬಾಲ್ಕನಿಯಲ್ಲಿ ಕೂತು ನನ್ನ ಗುರುವಾರದ ಕಳ್ಳತನಕ್ಕೆ ಶುಕ್ರವಾರ ವಾರ್ನಿಷ್ ಹಚ್ಚುತ್ತಿದ್ದಿರಿ.

ಯಾಕೆ ಡೋಲಿನವನಿಂದ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಒಂದು ಮಾತ್ರ ನೆನಪಿಗೆ ಬಂತು. ಅವನಿಗೆ ನಾನು ಮೂರು ಗುರುವಾರ ತೆಗೆದುಕೊಂಡಿದ್ದೆ. ಅವನ ತೋಳಿನ ಮಡಿಕೆಯಲ್ಲಿ ನೀವು ತಿಳಿನೀರಿನಂಥ ಕಪ್ಪನ್ನು ಹರಿಯಬಿಟ್ಟಿದ್ದಿರಿ. ಅದು ಎಲ್ಲಿ ಇಂಗಬೇಕೋ ಅಲ್ಲೇ ಇಂಗಿ ನಿಂತಿತ್ತು. ಅದನ್ನು ಮುಚ್ಚಲು ಮನಸ್ಸಾಗಲಿಲ್ಲ. ಆ ಗೆರೆಗಳನ್ನು ಹಾಗೇ ಬಿಟ್ಟು ಅವುಗಳ ಅಕ್ಕಪಕ್ಕದಲ್ಲಿ ಹಚ್ಚಿದೆ. ಹಾಲಿಗಿಂತ ತೆಳ್ಳಗೆ ಮಾಡಿಕೊಂಡು, ನೀವು ಯಾವಾಗಲೂ ಹೇಳುತ್ತಿದ್ದ ಹಾಗೆ, ಮೂರು ಸಲ. ಆ ಮೂರು ವಾರ ತಪ್ಪು ತಿದ್ದುತ್ತಿದ್ದೇನೆಂಬುದು ನನಗೆ ಮರೆತೇ ಹೋಗಿತ್ತು. ಸುಮ್ಮನೆ ನಿಮ್ಮ ಜೊತೆ ಕೂತು ಬಣ್ಣ ಹಚ್ಚಿದ ಹಾಗಿತ್ತು. ಬಹುಶಃ ಮೊದಲನೆಯವನಿಂದಲೇ ನಿಮಗೆ ಗೊತ್ತಿತ್ತು. ಒಪ್ಪಿಕೊಂಡದ್ದು ಡೋಲಿನವನಿಂದ.

ಇನ್ನೊಂದು. ಇದನ್ನು ಬರೆಯುವಾಗ ನಗುವೂ ಬರುತ್ತದೆ, ಅಳುವೂ ಬರುತ್ತದೆ. ಕೆಂಪು ಬಾಟಲಿಯ ಮೇಲಿನ ನನ್ನ ಚೀಟಿ ಮಾತ್ರ ಸ್ಪಿರಿಟ್ಟಿಗೆ ನೆನೆಯದೆ ಉಳಿದಿತ್ತು. ಇವತ್ತು ಅದನ್ನೂ ಉಗುರಿನಿಂದ ಎಬ್ಬಿಸಿದೆ. ಅಡಿಯಲ್ಲಿ ನಿಮ್ಮ ಪೆನ್ಸಿಲಿನ ಅಕ್ಷರ: ಅವಳು ಹೇಳುವ ಕೆಂಪು.

ಬಾಟಲಿ ಎತ್ತಿ ನೋಡಿದೆ, ಮುಕ್ಕಾಲು ತುಂಬಿದೆ. ಆಗ ನನ್ನ ಮಂದಬುದ್ಧಿಗೆ ಹೊಳೆಯಿತು. ಒಂಬತ್ತು ವರ್ಷ ಕೆಂಪು ಸುರಿದು ಖರ್ಚು ಮಾಡಿದವಳು ನಾನು, ಒಂದು ಬಾಟಲಿಯನ್ನೂ ಕೊಂಡು ತಂದವಳಲ್ಲ. ಅದು ಯಾವತ್ತೂ ಖಾಲಿಯಾಗಿರಲಿಲ್ಲ. ನಿಮಗೆ ಬೇಕಿಲ್ಲದ, ನಿಮ್ಮ ಕಣ್ಣಿಗೇ ಬೀಳದ ಬಣ್ಣವನ್ನು ಅಂಗಡಿಯವನ ಹತ್ತಿರ ಕೇಳಿ ಪಡೆದು, ಹೊಸ ಬಾಟಲಿಯಿಂದ ಹಳೆಯದಕ್ಕೆ ತುಂಬಿಸಿ ಇಡುತ್ತಿದ್ದಿರಿ. ಮನೆಯಲ್ಲಿ ಉಪ್ಪು ಮುಗಿದರೆ ನಾಲ್ಕು ಸಲ ಹೇಳಿಸಿಕೊಳ್ಳುವ ಮನುಷ್ಯ!

ಶುಕ್ರವಾರ

ನಿನ್ನೆ ಅಷ್ಟಕ್ಕೇ ನಿಲ್ಲಿಸಿದೆ, ಯಾಕೆಂದರೆ ಮುಂದಿನದನ್ನು ಬರೆಯಲು ಧೈರ್ಯ ಬೇಕಿತ್ತು.

ನಾಲ್ಕು ತಿಂಗಳಿಂದ ನಾನು ನನಗೆ ಹೇಳಿಕೊಂಡು ಬಂದದ್ದೇನೆಂದರೆ, ಅವರ ಸಿಪಾಯಿಗಳಿಗೆ ನಾನು ಗುಟ್ಟಾಗಿ ಬಣ್ಣ ಹಚ್ಚಿದೆ, ಅದು ಗೊತ್ತಾಗಿ ಅವರು ಹೋದರು ಎಂದು. ನನ್ನ ತಂಗಿಗೂ ಹಾಗೇ ಹೇಳಿದ್ದೇನೆ, ಮೇಷ್ಟ್ರಿಗೂ ಹಾಗೇ. ಹಾಗೆ ಹೇಳಿದರೆ ನನ್ನ ತಪ್ಪು ಚಿಕ್ಕದಾಗಿ, ಸ್ವಲ್ಪ ಮುದ್ದಾಗಿಯೂ ಕಾಣುತ್ತಿತ್ತು. ಪ್ರೀತಿ ಹೆಚ್ಚಾಗಿ ಮಾಡಿದ ತಪ್ಪು ಎಂದು ತಂಗಿ ಸಮಾಧಾನವನ್ನೂ ಹೇಳಿದಳು.

ಈಗ ಆ ನೆಪವೂ ಇಲ್ಲ. ಬಣ್ಣದ ವಿಷಯ ನಿಮಗೆ ಕಡಿಮೆಯೆಂದರೂ ಐದು ವರ್ಷದಿಂದ ಗೊತ್ತಿತ್ತು, ಗೊತ್ತಿದ್ದೂ ನನ್ನ ಜೊತೆ ಇದ್ದಿರಿ. ಹಾಗಾದರೆ ನೀವು ಹೋದದ್ದು ಬೇರೆ ಕಾರಣಕ್ಕೆ. ಆ ಕಾರಣ ನನಗೆ ಗೊತ್ತು.

ನಿಮ್ಮ ಕ್ಲಬ್ಬಿನ ಪ್ರದರ್ಶನದ ದಿನ. ಸಭಾಂಗಣದ ಉದ್ದ ಮೇಜು, ನಲವತ್ತು ಜನ ಸಾಲಾಗಿ. ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡಿದ್ದ ಆ ತೀರ್ಪುಗಾರ್ತಿ ಬಗ್ಗಿ ನೋಡಿ, ಈ ಕೆಂಪು ಎಷ್ಟು ಚೆನ್ನಾಗಿ ಕೂತಿದೆ ಎಂದು ನಿಮ್ಮ ಕೈ ಕುಲುಕಿದರು. ನೀವು ಮೆಲ್ಲಗೆ ಥ್ಯಾಂಕ್ಸ್ ಅಂದಿರಿ. ಅಷ್ಟಕ್ಕೆ ಬಿಡಬಹುದಿತ್ತು. ನನ್ನ ಕೆಂಪಿಗೆ ನೀವು ಥ್ಯಾಂಕ್ಸ್ ಅಂದದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ನಕ್ಕೆ. "ಅಯ್ಯೋ, ಇವರಿಗೆ ಕೆಂಪು ಯಾವುದು ಹಸಿರು ಯಾವುದು ಅಂತಾನೇ ಗೊತ್ತಾಗಲ್ಲ, ಎಲ್ಲಾ ನಾನೇ ಸರಿ ಮಾಡಿದ್ದು" ಅಂದೆ. ಮಾತು ಜಾರಿತು ಎಂದು ಇಷ್ಟು ದಿನ ಹೇಳಿಕೊಂಡೆ. ಜಾರಲಿಲ್ಲ. ನಾನೇ ಎತ್ತಿ ಹಾಕಿದ್ದು.

ಎಲ್ಲರೂ ನಕ್ಕರು. ಯಾರೋ ಒಂದು ಕೆಂಪು ದಾಳ, ಒಂದು ಹಸಿರು ದಾಳ ನಿಮ್ಮ ಅಂಗೈಯಲ್ಲಿಟ್ಟು, ಹೇಳಿ ನೋಡೋಣ ಅಂದರು. ನೀವು ಎರಡನ್ನೂ ನೋಡಿದಿರಿ. ಆಮೇಲೆ ನನ್ನ ಕಡೆ ನೋಡಿದಿರಿ. ಹೇಳಿಬಿಡಿ ಎನ್ನುವ ಹಾಗೆ ನಾನು ಇನ್ನೂ ನಗುತ್ತಿದ್ದೆ. ಎರಡು ದಾಳವನ್ನೂ ಮೇಜಿನ ಮೇಲಿಟ್ಟು "ಇವತ್ತಿಗೆ ಆಟ ಸಾಕು" ಅಂದಿರಿ. ಮನೆಗೆ ಬರುವ ದಾರಿಯಲ್ಲಿ ನನ್ನ ಚೀಲವನ್ನೂ ನೀವೇ ಹೊತ್ತಿರಿ. ಬೆಳಿಗ್ಗೆ ಎರಡು ಶರ್ಟು ಮಡಿಸಿಕೊಂಡು ಹೊರಟಿರಿ.

ನನ್ನ ಕೆಲಸವನ್ನು ನೀವು ಐದು ವರ್ಷ ಮುಚ್ಚಿಟ್ಟಿರಿ. ನಿಮ್ಮ ಕಣ್ಣಿನ ವಿಷಯವನ್ನು ನಾನು ಒಂದು ನಿಮಿಷದಲ್ಲಿ ಬಿಚ್ಚಿಟ್ಟೆ. ಅಷ್ಟೇ ನಡೆದದ್ದು. ಊರಿನ ಬಾಗಿಲಿಗೆಲ್ಲ ಬೀಗ ಮಾಡುವವರು ಹೆಂಡತಿಯ ಬಾಯಿಗೆ ಒಂದು ಮಾಡಲಿಲ್ಲ ಎಂದು ಹಾಸ್ಯ ಮಾಡಿ ಇದನ್ನು ಹಗುರ ಮಾಡಬೇಕೆಂದು ಮನಸ್ಸು ಹಾತೊರೆಯುತ್ತಿದೆ, ನೋಡಿ ಮಾಡಿಯೂ ಬಿಟ್ಟೆ. ಆದರೆ ಹಗುರ ಆಗುವುದಿಲ್ಲ. ನಾನು ನಿಮ್ಮನ್ನು ನಾಲ್ಕು ಜನರ ಮುಂದೆ ಚಿಕ್ಕವರನ್ನಾಗಿ ಮಾಡಿದೆ. ತಪ್ಪಾಯಿತು. ಬಹಳ ತಪ್ಪಾಯಿತು.

ಶನಿವಾರ

ಪೆಟ್ಟಿಗೆ ಕಟ್ಟಿದ್ದೇನೆ. ಪ್ರತಿಯೊಬ್ಬನಿಗೂ ಸ್ಪಂಜಿನಲ್ಲಿ ಅವನವನ ಗುಳಿ. ಇಪ್ಪತ್ಮೂರು ಜನ ನಿಮ್ಮ ಮುಸ್ಸಂಜೆಯಲ್ಲಿ ಬರುತ್ತಿದ್ದಾರೆ. ಹದಿನೇಳು ಜನ ನನ್ನ ಹಾಡುಹಗಲಿನಲ್ಲಿ, ನಿಮ್ಮ ವಾರ್ನಿಷಿನ ಒಳಗೆ. ಆ ಹದಿನೇಳನ್ನು ಇನ್ನೂ ಗಟ್ಟಿ ಔಷಧಿ ತಂದು ಕರಗಿಸಬಹುದಂತೆ, ನಾನು ತರಲಿಲ್ಲ. ಅವರ ಪಾದದಡಿ ಎರಡು ಗೀರುಗಳಿವೆ. ಒಂದು ಗೀರಿನ ಮಾತು ಕೇಳಿ ಅಳಿಸುವುದು ಸರಿಯಲ್ಲ ಎನ್ನಿಸಿತು.

ಮೇಜಿನ ಮೇಲೆ ಇನ್ನೊಬ್ಬನಿದ್ದ, ನಲವತ್ತೊಂದನೆಯವನು. ನೀವು ಹೋಗುವ ಮುಂಚೆ ಕಪ್ಪು ಬಿಳಿ ಪ್ರೈಮರ್ ಹಾಕಿ ಬಾಟಲಿಯ ಬಿರಡೆಗೆ ಅಂಟಿಸಿ ಬಿಟ್ಟಿದ್ದ ಕಾವಲುಗಾರ, ಈಟಿಗೆ ಒರಗಿ ನಿಂತವನು. ನಾಲ್ಕು ತಿಂಗಳು ಧೂಳು ಕುಡಿದಿದ್ದ. ನಿನ್ನೆ ಮತ್ತು ಇವತ್ತು, ಸಂಜೆಯ ಹೊತ್ತು, ದೀಪ ಹಾಕದೆ, ಅವನಿಗೆ ಬಣ್ಣ ಹಚ್ಚಿದೆ. ನನ್ನ ಚೀಟಿ ಒಂದೂ ಈಗ ಬಾಟಲಿಯ ಮೇಲಿಲ್ಲ. ಹೆಬ್ಬೆರಳಿನಿಂದ ಮುಚ್ಚಳದ ಹಲ್ಲು ಸವರಿ, ನಿಮ್ಮ ಹೆಸರು ಓದಿ ಹಚ್ಚಿದೆ. ಮುಖಕ್ಕೆ ತೂಕಡಿಕೆ. ಅಂಗಿಗೆ ಒದ್ದೆ ಗೋಣಿ, ಭುಜದ ಮೇಲೆ ಬೆಳಕು ಬೀಳುವಲ್ಲಿ ಮಧ್ಯಾಹ್ನದ ಗೋಡೆ. ಕುಂಚವನ್ನು ಬಟ್ಟೆಗೆ ಒರೆಸಿ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಎನ್ನುವಾಗ ಈಟಿಯ ಮೇಲೆ ಸವರಿದೆ, ಅಂಚುಗಳಷ್ಟೇ ಹಳೇ ಕೀಲಿಯಾದವು. ನಡುವೆ ಒಂದು ಸಲ ಕುಂಚದ ತುದಿಯನ್ನು ತುಟಿಗಿಟ್ಟು ಚೂಪು ಮಾಡಿಕೊಂಡೆ. ಎಷ್ಟು ವರ್ಷ ನಿಮ್ಮನ್ನು ಇದಕ್ಕೆ ಬೈದಿದ್ದೇನೆ!

ಹಗಲಿನ ಬೆಳಕಿನಲ್ಲಿ ಅವನು ಹೇಗಿದ್ದಾನೆಂದು ನಾನು ನೋಡಿಲ್ಲ. ನೋಡುವುದೂ ಇಲ್ಲ, ಬಟ್ಟೆ ಮುಚ್ಚಿಟ್ಟಿದ್ದೇನೆ. ನೋಡಿದರೆ ತಿದ್ದಲು ಕೈ ಬರುತ್ತದೆ, ನನ್ನನ್ನು ನಾನು ನಂಬುವುದಿಲ್ಲ.

ಅವನನ್ನು ಮಾತ್ರ ಪೆಟ್ಟಿಗೆಯಲ್ಲಿ ಇಟ್ಟಿಲ್ಲ. ಅವನಿಗೆ ವಾರ್ನಿಷ್ ಆಗಿಲ್ಲ, ಆಗದೆ ಹೊರಟರೆ ಮೇಷ್ಟ್ರ ಕಾರಿನ ಕುಲುಕಿಗೆ ಅಂಚಿನ ಬಣ್ಣವೆಲ್ಲ ಸವೆದು ಹೋಗುತ್ತದೆ. ನಾನೇ ಹಚ್ಚೋಣವೆಂದರೆ ಬಾಲ್ಕನಿಯಲ್ಲಿರುವ ವಾರ್ನಿಷ್ ಡಬ್ಬಿಯ ಮುಚ್ಚಳ ಕಚ್ಚಿಕೊಂಡು ಕೂತಿದೆ. ನಾಲ್ಕು ತಿಂಗಳಲ್ಲಿ ಅಂಚೆಲ್ಲ ಒಣಗಿ ಗಟ್ಟಿಯಾಗಿದೆ. ಬಟ್ಟೆ ಸುತ್ತಿ ತಿರುಗಿಸಿದೆ, ಬಿಸಿನೀರು ಹಾಕಿದೆ, ನನ್ನ ಕೈಗೆ ಬಗ್ಗುವುದಿಲ್ಲ. ಬಾಗಿಲು ತೆರೆಯುತ್ತಿಲ್ಲ ಎಂದು ಯಾರು ಕರೆದರೂ ಅರ ಎತ್ತಿಕೊಂಡು ಅವರ ಮನೆಗೆ ಹೋಗುವುದು ನಿಮ್ಮ ಕಸುಬು. ಇದು ಬರೀ ಡಬ್ಬಿ. ಯಾವತ್ತಾದರೂ ಈ ಕಡೆ ಕೆಲಸವಿದ್ದರೆ ಬಂದು ತೆಗೆದುಕೊಟ್ಟು ಹೋಗಿ. ಗುರುವಾರ ಆದರೆ ನಾನೂ ಇರುತ್ತೇನೆ. ಬಂದರೆ ಆವತ್ತಿನ ಪ್ರದರ್ಶನದ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ, ಬರೀ ಚಹಾ ಮಾಡಿಕೊಡುತ್ತೇನೆ.

ಬರದಿದ್ದರೆ ಅದೂ ಸರಿಯೇ. ಪೆಟ್ಟಿಗೆ ನಿಮ್ಮದು, ಅದಕ್ಕೆ ಬದಲಾಗಿ ನಾನೇನೂ ಕೇಳುತ್ತಿಲ್ಲ. ಮುಂದಿನ ಭಾನುವಾರದ ಆಟದಲ್ಲಿ ಗೆಲ್ಲಿ. ಡೋಲಿನವನನ್ನು ಮುಂದೆ ನಿಲ್ಲಿಸಿ, ಅವನಿಗೆ ಹಿಂದೆ ನಿಂತರೆ ಬೇಜಾರು.

ಯಾವ ದೀಪದ ಕೆಳಗೆ ನೋಡಿದರೂ
ನಿಮ್ಮವಳು,
ಎರಡನೆಯ ಗೀರು

ತಾ.ಕ.: ಇನ್ನು ಮುಂದೆ ನಿಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ ಎಂದು ಕಾಗದ ಮಡಿಸುವಾಗ ತೀರ್ಮಾನಿಸಿದೆ, ಮಡಿಸಿದ್ದನ್ನು ಮತ್ತೆ ಬಿಡಿಸಬೇಕಾಯಿತು. ಡಬ್ಬಿಯ ಮುಚ್ಚಳದ ವಿಷಯ ಸುಳ್ಳು. ಇವತ್ತು ಬೆಳಿಗ್ಗೆ ಒಂದೇ ತಿರುವಿಗೆ ಬಂತು. ಒಳಗೆ ವಾರ್ನಿಷ್ ಚೆನ್ನಾಗಿದೆ, ಇಬ್ಬರು ಹಚ್ಚುವಷ್ಟಿದೆ. ಮತ್ತೆ ಬಿಗಿಯಾಗಿ ಮುಚ್ಚಿಟ್ಟಿದ್ದೇನೆ.